ರಾಂಗ್ ನಂಬರಿಗೆ ಬಂದ ಗಾಳಿ ಸುದ್ದಿ

“ಅಕ್ಕಯ್ಯಾ, ತಾಂಡವಪುರದಲ್ಲಿ ಭಾರಿ ಗಾಳಿ ಕಣೇ, ಶೀಟೆಲ್ಲ ಆರೋದ್ವು! ನಂಜನಗೂಡು ಕಡೀಕೇ ಬತ್ತಾ ಐತೆ, ಎಲ್ಲಾರ್ನೂ ಒಳೀಕ್ ಕರ್ಕೋ!”

ಏಪ್ರಿಲ್‌ನ ಒಂದು ಮಧ್ಯಾಹ್ನ ನನ್ನ ಮೊಬೈಲಿಗೆ ಫೋನ್ ಮಾಡಿ ಹೀಗೆ ಕೂಗಿದ ಹೆಂಗಸು ಯಾರೆಂದು ಗೊತ್ತಿರಲಿಲ್ಲ. ‘ರಾಂಗ್ ನಂಬರ್’ ಎನ್ನುವಷ್ಟರಲ್ಲಿ ಕಟ್ಟಾಯಿತು. ನಂಜನಗೂಡಿನ ನಮ್ಮ ಮನೆಯ ಮೇಲೆ ಬಿಸಿಲು ಹಾಗೇ ಇತ್ತು. ಆದರೂ ಮನಸ್ಸು ತಡೆಯದೆ, ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದ ಅತ್ತೆಯನ್ನು ಕೆಳಗೆ ಕರೆತಂದೆ. ಅವರು ಗೊಣಗುತ್ತಲೇ ಬಂದರು.

ಆಮೇಲೆ ಹೊಳೆಯಿತು, ಆಕೆಯ ಅಕ್ಕನಿಗೆ ಸುದ್ದಿ ಮುಟ್ಟಿಯೇ ಇಲ್ಲ! ಅದೇ ನಂಬರಿಗೆ ಫೋನ್ ಮಾಡಿ, ಕರೆ ತಪ್ಪಿ ನಮಗೆ ಬಂದಿತ್ತೆಂದು ಹೇಳಿದೆ. “ಅಯ್ಯೋ ಶಿವನೇ!” ಎಂದವರೇ ಫೋನಿಟ್ಟರು. ಅಷ್ಟರಲ್ಲಿ ಗಾಳಿ ಬಂದೇಬಿಟ್ಟಿತು. ಪಕ್ಕದ ಮನೆಯ ತಗಡು ಹಾರಿಬಂದು ತಾರಸಿಯಲ್ಲಿ ಅತ್ತೆ ಕೂತಿದ್ದ ಜಾಗಕ್ಕೇ ಅಪ್ಪಳಿಸಿತು. ನಾವಿಬ್ಬರೂ ಕೈ ಕೈ ಹಿಡಿದು, ಕಾಣದ ಆ ಅಕ್ಕನ ಚಿಂತೆಯಲ್ಲೇ ಕೂತೆವು.

ಗಾಳಿಮಳೆ ನಿಂತ ಮೇಲೆ ಮತ್ತೆ ಅದೇ ನಂಬರಿನಿಂದ ಫೋನ್ ಬಂತು. “ನೀವ್ ಫೋನ್ ಮಾಡ್ದೆ ಇದ್ದಿದ್ರೆ ನಮ್ಮಕ್ಕ ತೆಂಗಿನ ತೋಟದಲ್ಲೇ ಇರೋಳು ಕಣವ್ವ. ಈಗ ಮನೆ ಸೇರ್ಕಂಡವ್ಳೆ. ನಿಮ್ಮನೇಲಿ ಎಲ್ರೂ ಉಸಾರಾ?” ಫೋನನ್ನು ಅತ್ತೆಯ ಕೈಗೆ ಕೊಟ್ಟೆ.

ಈಗಲೂ ಬೇಸಿಗೆಯಲ್ಲಿ ಆ ಕಡೆ ಮೋಡ ಕವಿದರೆ ಆಕೆ ಮೊದಲು ಅಕ್ಕನಿಗೆ, ಆಮೇಲೆ ನಮಗೆ ಫೋನ್ ಮಾಡುತ್ತಾರೆ. ಆಕೆಯ ಮುಖವನ್ನು ನಾವಿನ್ನೂ ನೋಡಿಲ್ಲ.