ವೇಗದ ಪರಮಾಣು ಬೈಂದೂರಲ್ಲಿ ಇಳಿದದ್ದು

ನಮ್ಮ ಕುಂದಾಪುರದ ಬಸ್ಸುಗಳಲ್ಲಿ ನಿಂತವರ ಚೀಲ ಕೂತವರ ತೊಡೆಯೇರುವುದು ರೂಢಿ. ಬೈಂದೂರಿನ ಕಾಲೇಜಿಗೆ ಭಾಷಣಕ್ಕೆ ಹೊರಟ ನಾನೂ ಲ್ಯಾಪ್‌ಟಾಪ್ ಚೀಲವನ್ನು ಗುರುತಿಲ್ಲದ ಅಕ್ಕ ಒಬ್ಬರಿಗೆ ಕೊಟ್ಟು ನಿಂತೆ.

ಭಾಷಣಕ್ಕೆ ಹೊರಟಿದ್ದೇನೆ ಎಂದದ್ದಕ್ಕೆ ಅವರು “ಎಂತ ಭಾಷ್ಣ?” ಎಂದರು. ನನ್ನನ್ನು ಹಾಗೆಲ್ಲ ಕೇಳಬಾರದು. ಪಾಠದ ಕನ್ನಡದಲ್ಲೇ ಶುರುಮಾಡಿದೆ. “ವೇಗದ ಪರಮಾಣು ಅನಿಲದ ಅಣುವಿನ ಪಕ್ಕ ಹಾಯುವಾಗ ತನ್ನ ಎಲೆಕ್ಟ್ರಾನನ್ನು ಅದಕ್ಕೆ ಬಿಟ್ಟು, ತಿರುಗಿಯೂ ನೋಡದೆ ಹೋಗಿಬಿಡುತ್ತದೆ ಅಕ್ಕ.”

“ಅದ್ಕ್ ಅಷ್ಟ್ ಅರ್ಜೆಂಟ್ ಎಂತಕೆ?”

ಅಷ್ಟರಲ್ಲಿ ಕಂಡಕ್ಟರ್ “ಬೈಂದೂರ್, ಬೇಗ ಬೇಗ!” ಎಂದು ಕೂಗಿದ. ಧುಮುಕಿದೆ. ಬಸ್ಸು ಭಟ್ಕಳದ ಕಡೆ ಹೊರಟಾಗ ಅಕ್ಕ ನನ್ನ ಚೀಲವನ್ನು ಕಿಟಕಿಯಲ್ಲಿ ಎತ್ತಿ ತೋರಿಸುತ್ತ ಕೂಗಿದರು: “ಹ್ವಾಯ್! ನಿಮ್ ಎಲೆಕ್ಟ್ರಾನ್ ಇಲ್ಲೇ ಬಾಕಿ!”

ಅಂದು ಚಿತ್ರಗಳಿಲ್ಲದೆ ಬರೀ ಬಾಯಲ್ಲೇ ಭಾಷಣ ಮಾಡಿದೆ. ಉದಾಹರಣೆಗೆ ಮಾತ್ರ ಬರವಿರಲಿಲ್ಲ.