ಮಾವನ ಮನೆಯ ಐಸ್ ಕಾಫಿ

ಮದುವೆಯಾದ ಮೇಲಿನ ಮೊದಲ ಬೇಸಿಗೆಯಲ್ಲಿ, ಬೆಸಗರಹಳ್ಳಿಯ ಮಾವನ ಮನೆಯ ಜಗಲಿಯ ಮೇಲೆ ಕೂತು ನಾನೊಂದು ಸುಳ್ಳು ಹೇಳಿದೆ. ದೊಡ್ಡ ಸುಳ್ಳೇನಲ್ಲ. ಆದರೆ ಕೇಳಿದವರು ಅದನ್ನು ನಂಬಿದರು. ನಂಬಿದ್ದಷ್ಟೇ ಅಲ್ಲ, ಅದನ್ನು ಕಾಯಿಸಿ ಆರಿಸಿ ಕುಡಿಯುವವರೆಗೂ ಬಿಡಲಿಲ್ಲ.

ಆಗ ಎರಡನೆಯ ಮಹಾಯುದ್ಧ ಶುರುವಾಗಿ ಎರಡೂವರೆ ವರ್ಷವಾಗಿತ್ತು. ನಾನು ಮಂಡ್ಯದಲ್ಲಿ ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿದ್ದೆ. ನನ್ನ ಊರು ಮಳವಳ್ಳಿಯ ಕಡೆ ಒಂದು ಸಣ್ಣ ಹಳ್ಳಿ. ತರಬೇತಿಗೆಂದು ಒಂದು ವರ್ಷ ಬೆಂಗಳೂರಿನಲ್ಲಿದ್ದು ಬಂದಿದ್ದೆ. ಹೆಣ್ಣು ಕೊಡುವಾಗ ಮಾವನವರು ನನ್ನಲ್ಲಿ ನೋಡಿದ್ದು ಆ ಒಂದು ವರ್ಷವನ್ನೇ ಇರಬೇಕು. ನೋಡುವುದಕ್ಕೆ ಬೇರೇನೂ ಇರಲಿಲ್ಲ. ಅವರಾದರೋ ಕಬ್ಬು ಭತ್ತ ಬೆಳೆಯುವ ಗಟ್ಟಿ ಕುಳ. ದೊಡ್ಡ ಆಳು, ಕಡಿಮೆ ಮಾತು. ಯಾರು ಏನು ಹೇಳಿದರೂ ಅದು ನಿಜವೆಂದೇ ತಿಳಿದು ಕೆಲಸಕ್ಕಿಳಿಯುವ ಸ್ವಭಾವ.

ಅಂದು ಮಧ್ಯಾಹ್ನ ಮೂರರ ಹೊತ್ತಿಗೆ ಅತ್ತೆಯವರು ನಮ್ಮಿಬ್ಬರಿಗೂ ಒಂದೊಂದು ಹಿತ್ತಾಳೆ ಚೆಂಬಿನ ತುಂಬ ಬೆಲ್ಲದ ಕಾಫಿ ತಂದಿಟ್ಟರು. ಹೆಂಚು ಕಾದು ಜಗಲಿಯ ಮೇಲೆ ಉಸಿರಾಡುವುದೇ ಕಷ್ಟವಾಗಿತ್ತು. ಚೆಂಬಿನ ಅಂಚು ತುಟಿಗೆ ತಾಕಿಸಿದೆ, ಚುರ್ರೆಂದಿತು. ಬಿಸಿ ಎಂದರೆ ನನಗೆ ಮೊದಲಿನಿಂದಲೂ ಆಗದು. ಮಾವನವರು ಅದೇ ಕಾಫಿಯನ್ನು ಮಜ್ಜಿಗೆ ಕುಡಿದಂತೆ ಗಟಗಟನೆ ಕುಡಿದು ಮುಗಿಸಿ ನನ್ನ ಚೆಂಬನ್ನೇ ನೋಡುತ್ತ ಕೂತರು. ಅಳಿಯ ಪುಕ್ಕಲ ಎನ್ನಿಸಿಕೊಳ್ಳಬಾರದೆಂದು ನಾನು ಚೆಂಬನ್ನು ಕೆಳಗಿಟ್ಟು ಹೇಳಿದೆ:

“ಬೆಂಗಳೂರಲ್ಲಿ ಈಗ ಬೇಸಿಗೇಲಿ ಯಾರೂ ಬಿಸಿ ಕಾಫಿ ಕುಡಿಯೋದಿಲ್ಲ. ಐಸ್ ಕಾಫಿ ಕುಡೀತಾರೆ. ಸಕ್ಕರೆ, ಕೆನೆ ಎಲ್ಲಾ ಹಾಕಿ ತಣ್ಣಗೆ ಮಾಡಿರ್ತಾರೆ. ನಾನು ಅಲ್ಲಿದ್ದಾಗ ದಿನಾ ಅದೇ.”

ನಿಜವೇನೆಂದರೆ, ಇಂಗ್ಲಿಷರಿದ್ದ ದಂಡಿನ ಕಡೆಯ ಒಂದು ಹೋಟೆಲಿನ ಕಿಟಕಿಯ ಗಾಜಿನಾಚೆ, ಬಿಳಿಯ ಹೆಂಗಸೊಬ್ಬಳು ಉದ್ದನೆಯ ಲೋಟದಲ್ಲಿ ಕಂದು ಬಣ್ಣದ್ದೇನೋ ಕುಡಿಯುತ್ತಿದ್ದುದನ್ನು ಒಂದು ಸಲ ನೋಡಿದ್ದೆ. ಮೇಲೆ ಬೆಳ್ಳಗೆ ಏನೋ ತೇಲುತ್ತಿತ್ತು. ಜೊತೆಯಲ್ಲಿದ್ದ ಗೆಳೆಯ ಅದು ಐಸ್ ಕಾಫಿ ಎಂದ. ಅವನೂ ಕುಡಿದವನಲ್ಲ.

ಮಾವನವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಒಳಗೆ ಮುಖ ಮಾಡಿ, “ಇಲ್ಲಿ ಬಾ ಇಲ್ಲಿ. ಅಳಿಯಂದ್ರು ಬಿಸಿ ಕುಡಿಯಕ್ಕಿಲ್ವಂತೆ. ಅದೇನೋ ಐಸ್ ಕಾಪಿಯಂತೆ. ಮಾಡ್ಕೊಡು” ಎಂದರು.

ಅತ್ತೆಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೇ ಕೂತರು. “ಎಂಗ್ ಮಾಡದು ಯೇಳಿ ಅಳಿಯಂದ್ರೆ.”

ನಾನು ತೋಚಿದ್ದನ್ನು ಹೇಳುತ್ತ ಹೋದೆ. ಎಮ್ಮೆ ಹಾಲನ್ನು ಅರ್ಧಕ್ಕೆ ಬತ್ತಿಸಬೇಕು. ಡಿಕಾಕ್ಷನ್ ಮಸಿಯಂತಿರಬೇಕು. ಬೆಲ್ಲ ಆಗದು, ಸಕ್ಕರೆಯೇ ಆಗಬೇಕು. ಎಲ್ಲ ಸೇರಿಸಿ ಕಾಯಿಸಿ, ಚೆನ್ನಾಗಿ ಆರಿಸಿ, ಐಸು ಹಾಕಿ, ಮೇಲೆ ಕೆನೆ ಬಿಡಬೇಕು.

“ಕಾಯ್ಸಿ ಆಮೇಕೆ ಆರ್ಸದಾ? ಅಂಗಾರೆ ಕಾಯ್ಸದ್ಯಾಕೆ?” ಎಂದರು ಅತ್ತೆ.

“ಬೆಂಗಳೂರಲ್ಲಿ ಹಾಗೇ.”

“ಐಸು ಅಂದ್ರೇನು?”

“ಗಟ್ಟಿಯಾದ ನೀರು.”

“ಆಲು ಗಟ್ಟಿಯಾದ್ರೆ ಕೆಟ್ಟೋಯ್ತು ಅಂತೀವಿ. ನೀರೂ ಕೆಡ್ತದಾ?”

ನನ್ನ ಹೆಂಡತಿ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದಳು. ಅವಳಿಗಾಗ ಹದಿನೇಳು ವರ್ಷ. ನನ್ನ ಮುಖವನ್ನು ಒಂದು ಕ್ಷಣ ನೋಡಿದಳು, ಒಳಗೆ ಹೋದಳು.

ಐಸು ಬೆಂಗಳೂರಿನಲ್ಲಿ ಮಾತ್ರ ಸಿಗುತ್ತದೆ ಎಂದು ಹೇಳಿ ಬಚಾವಾದೆನೆಂದುಕೊಂಡೆ. ಮಾವನವರು ಒಪ್ಪಲಿಲ್ಲ. “ತಣ್ಗಾಗದು ತಾನೆ ಮುಖ್ಯ. ಬಾವಿ ಇಲ್ವಾ” ಎಂದರು.

ಮಾರನೆಯ ದಿನ ಬೆಳಗ್ಗೆಯೇ ಅತ್ತೆಯವರು ಒಂದು ದೊಡ್ಡ ಬಿಂದಿಗೆ ಕಾಫಿ ಕಾಯಿಸಿದರು. ಅಳಿಯನಿಗೆ ಮಾಡಿದ್ದು ಮನೆಮಂದಿಗೆಲ್ಲ ಆಗಬೇಕೆಂಬುದು ಅವರ ಲೆಕ್ಕ. ಬಿಂದಿಗೆಯ ಕಂಠಕ್ಕೆ ಹಗ್ಗ ಕಟ್ಟಿ ಬಾವಿಯ ನೀರಿಗೆ ತಾಕುವಂತೆ ಇಳಿಬಿಡುವುದೆಂದಾಯಿತು. ಗಂಟು ನಾನೇ ಹಾಕುತ್ತೇನೆಂದೆ. ಮೇಷ್ಟರ ತರಬೇತಿಯ ಸ್ಕೌಟ್ ಪಾಠದಲ್ಲಿ ನಮಗೆ ಹನ್ನೆರಡು ಬಗೆಯ ಗಂಟು ಕಲಿಸಿದ್ದರು. ನಾನು ಹಾಕಿದ್ದು ಎಳೆದಷ್ಟೂ ಬಿಗಿಯಾಗುವ ಗಂಟು ಎಂದು ಮಾವನವರಿಗೆ ವಿವರಿಸಿಯೂ ಹೇಳಿದೆ. ಅವರು ಎರಡು ಸಲ ಎಳೆದು ನೋಡಿ ತಲೆಯಾಡಿಸಿದರು.

ಮೂರನೆಯ ಸಲ ಎಳೆದದ್ದು ಬಿಂದಿಗೆ. ಅರ್ಧ ಬಾವಿ ಇಳಿಯುವಷ್ಟರಲ್ಲಿ ಹಗ್ಗ ಹಗುರವಾಯಿತು. ಕೆಳಗೆ ಡಬ್ ಎಂದಿತು.

ಬೇಸಿಗೆಯಾದ್ದರಿಂದ ಬಾವಿಯಲ್ಲಿ ನೀರು ಮೊಣಕಾಲುದ್ದವೂ ಇರಲಿಲ್ಲ. ಅದು ನಾಲ್ಕು ಮನೆಗೆ ಸೇರಿದ ಬಾವಿ. ನಾವಿಬ್ಬರೂ ಇನ್ನೂ ಬಗ್ಗಿ ನೋಡುತ್ತಿರುವಾಗಲೇ ಪಕ್ಕದ ಮನೆಯ ಹೆಂಗಸು ಬಂದು ಕೊಡ ಬಿಟ್ಟು ಎಳೆದುಕೊಂಡಳು. ನೀರು ಗೋಧಿ ಬಣ್ಣವಾಗಿತ್ತು. ಬೊಗಸೆಯಲ್ಲಿ ಹಿಡಿದು ನೆಕ್ಕಿದಳು. ಮತ್ತೆ ನೆಕ್ಕಿದಳು.

“ಇದ್ಯಾಕೆ ನೀರು ಸೀ ಬಂದದೆ?” ಎಂದು ಗಂಡನನ್ನು ಕೂಗಿದಳು.

ಅರ್ಧ ಗಂಟೆಯಲ್ಲಿ ಬಾವಿಯ ಸುತ್ತ ಮೂವತ್ತು ಜನ ಸೇರಿದರು. ಬಾವಿ ಮೈಲಿಗೆಯಾಯಿತೇ ಇಲ್ಲವೇ ಎಂಬ ಪ್ರಶ್ನೆ ಎದ್ದಿತು. ಊರಿನ ಹಿರಿಯರೊಬ್ಬರನ್ನು ಕರೆಸಿದರು. ಅವರು ಕಟ್ಟೆಯ ಮೇಲೆ ಕೂತು ಬಹಳ ನಿಧಾನವಾಗಿ ತೀರ್ಮಾನ ಕೊಟ್ಟರು: “ಆಲು ಬಿದ್ರೆ ತೆಪ್ಪಿಲ್ಲ, ಗಂಗಮ್ಮಂಗೆ ನಾವೇ ಬುಡ್ತೀವಿ. ಸಕ್ರೆ ಬಿದ್ರೂ ತೆಪ್ಪಿಲ್ಲ. ಕಾಪಿ ಇಚಾರ ನಮ್ಮ ಇರೀಕ್ರು ಏನೂ ಯೇಳಿಲ್ಲ. ಒಂದು ಲೋಟ ಕೊಡಿ, ನೋಡವ.” ಕುಡಿದರು. ಇನ್ನೊಂದು ಲೋಟ ಕುಡಿದರು. ಬಾವಿಯ ನೀರನ್ನು ಸೇದಿ ಖಾಲಿ ಮಾಡುವುದು ಒಳ್ಳೆಯದು, ಆದರೆ ಅವಸರವಿಲ್ಲ ಎಂದರು.

ಆ ದಿನವೆಲ್ಲ ಮಾವನವರು, ನಾನು, ಇನ್ನಿಬ್ಬರು ಸೇರಿ ನೀರು ಸೇದಿ ಹೊರಗೆ ಚೆಲ್ಲಿದೆವು. ಕಲ್ಲುಬಾನಿಗೆ ಬಿದ್ದದ್ದನ್ನು ಎಮ್ಮೆಗಳು ಕುಡಿದವು. ಅವು ಅಂದು ಮಧ್ಯಾಹ್ನ ಮಲಗಲಿಲ್ಲ. ನಾಲ್ಕೂ ಕಾಲ ಮೇಲೆ ನಿಂತು ನಮ್ಮನ್ನೇ ನೋಡುತ್ತಿದ್ದವು. ನನ್ನ ಅಂಗೈಯಲ್ಲಿ ಬೊಬ್ಬೆಯೆದ್ದಿತು. ಗಂಟಿನ ಬಗ್ಗೆ ಮಾವನವರು ಒಂದು ಮಾತೂ ಆಡಲಿಲ್ಲ. ಕೊನೆಯ ಕೊಡ ಎಳೆದು ಹಗ್ಗ ಸುತ್ತುವಾಗ ಮಾತ್ರ, “ಈ ಕೆಲ್ಸಕ್ಕೆ ಬಾವಿ ಸರಿಯಾಗಕ್ಕಿಲ್ಲ. ನಾಳೀಕೆ ಬೆಂಗ್ಳೂರ್‍ಗೆ ಓಗಿ ಐಸೇ ತರವ” ಎಂದರು.

ನಾನು ಬೇಡವೆಂದೆ. ತೊಂದರೆ ಏಕೆ ಎಂದೆ. ಅಷ್ಟು ದೂರ ಎಂದೆ. ಅವರಿಗೆ ಅದು ಅಳಿಯನ ಸಂಕೋಚದಂತೆ ಕಾಣಿಸಿತು.

ಮದ್ದೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ಕೇಳಿಕೊಂಡು ಕೇಳಿಕೊಂಡು ಐಸು ಮಾರುವ ಕಡೆ ಹೋದೆವು. ಮಾವನವರು ಎತ್ತು ಕೊಳ್ಳುವವರಂತೆ ಐಸಿನ ಗಟ್ಟಿಗಳ ಸುತ್ತ ಒಂದು ಸುತ್ತು ಬಂದರು. ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟು ಕೇಳಿದರು. ಮೂಸಿ ನೋಡಿದರು. “ಇದು ಯಾವತ್ತಿಂದು?” ಎಂದು ಕೇಳಿ, ಇವತ್ತಿನದೇ ಎಂದ ಮೇಲೂ ಅದನ್ನು ಬಿಟ್ಟು ಪಕ್ಕದ್ದನ್ನು ಆರಿಸಿದರು. ಎಳಗರುವಿನಷ್ಟು ದೊಡ್ಡ ಗಟ್ಟಿ. ಮರದ ಹೊಟ್ಟು ಮೆತ್ತಿ, ಗೋಣಿತಾಟಿನಲ್ಲಿ ಸುತ್ತಿ, ಅದರ ಮೇಲೆ ತಮ್ಮ ಕಂಬಳಿಯನ್ನು ಹೊದಿಸಿದರು.

ವಾಪಸ್ಸು ರೈಲಿಗೆ ಬಹಳ ಹೊತ್ತಿತ್ತು. ಬಸ್ಸಿಗೆ ಹತ್ತಿದೆವು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ ಅದು. ಬಸ್ಸಿನ ಹಿಂಭಾಗಕ್ಕೆ ಒಂದು ದೊಡ್ಡ ಒಲೆಯನ್ನೇ ಕಟ್ಟಿರುತ್ತಿದ್ದರು. ಖಾಲಿ ಇದ್ದದ್ದು ಕೊನೆಯ ಸೀಟು, ಒಲೆಗೆ ಬೆನ್ನು ಕೊಟ್ಟು ಕೂರುವ ಸೀಟು. ಐಸನ್ನು ನಮ್ಮಿಬ್ಬರ ಕಾಲ ನಡುವೆ ಇಟ್ಟುಕೊಂಡು ಕೂತೆವು.

ಬಿಡದಿ ದಾಟುವ ಹೊತ್ತಿಗೆ ನೀರು ಡ್ರೈವರನ ಕಾಲ ತನಕ ಹರಿದಿತ್ತು. ಮೂಟೆಯಲ್ಲೇನೆಂದು ವಿಚಾರಿಸಿ ತಿಳಿದುಕೊಂಡ ಮೇಲೆ ಬಸ್ಸಿನಲ್ಲಿ ಚರ್ಚೆ ಶುರುವಾಯಿತು.

“ಕಂಬ್ಳಿ ಒದ್ಸಿದ್ರೆ ಅದಕ್ಕೆ ಬೆಚ್ಗಾಗಕ್ಕಿಲ್ವಾ? ಮದ್ಲು ಕಂಬ್ಳಿ ತೆಗೀರಿ” ಎಂದ ಒಬ್ಬ.

ಕಂಬಳಿ ಹೊರಗಿನ ಶಾಖವನ್ನು ಒಳಗೆ ಬಿಡುವುದಿಲ್ಲ ಎಂದು ನಾನು ಪಾಠ ಹೇಳುವ ದನಿಯಲ್ಲಿ ಹೇಳಿದೆ.

“ಅಂಗಾರೆ ಮೇಷ್ಟ್ರೇ, ಚಳೀಗೆ ನೀವು ಕಂಬ್ಳಿ ಒದ್ಕೊಳದು ತಣ್ಗಿರಕ್ಕಾ?” ಎಂದ ಅವನು.

ಬಸ್ಸು ಎರಡು ಪಕ್ಷವಾಯಿತು. ಒಂದು ಪಕ್ಷ ಕಂಬಳಿ ತೆಗೆಯಿತು, ಇನ್ನೊಂದು ಮತ್ತೆ ಹೊದಿಸಿತು. ಚನ್ನಪಟ್ಟಣದವರೆಗೆ ಹೀಗೇ ನಡೆಯಿತು. ಮಾವನವರು ಎರಡೂ ಪಕ್ಷದವರ ಮಾತಿಗೂ ಹೂಂಗುಟ್ಟುತ್ತಿದ್ದರು.

ನಿಡಘಟ್ಟದ ಹತ್ತಿರ ಬಸ್ಸು ನಿಂತುಬಿಟ್ಟಿತು. ಕ್ಲೀನರು ಇಳಿದು ಒಲೆಗೆ ಇದ್ದಿಲು ಸುರಿದು ಗಾಳಿ ಊದುವ ಚಕ್ರ ತಿರುವತೊಡಗಿದ. ಸಂಜೆಯಾಗುತ್ತ ಬಂದರೂ ಬಿಸಿಲು ಇಳಿದಿರಲಿಲ್ಲ. ಮುಂದಿನ ಸೀಟಿನ ಹೆಂಗಸಿನ ಮಡಿಲಲ್ಲಿ ಜ್ವರದ ಕೂಸೊಂದಿತ್ತು. ಹಣೆಗಿಡಲು ಒಂದು ಚೂರು ಕೊಡಿ ಎಂದಳು. ಮಾವನವರು ಚೀಲದಿಂದ ಕುಡುಗೋಲು ತೆಗೆದು, ಅದರ ಹಿಡಿಯಿಂದ ಕುಟ್ಟಿ ಅಂಗೈಯಗಲದ ಚೂರು ಕೊಟ್ಟರು. ಹಲ್ಲುನೋವಿನವನೊಬ್ಬ ದವಡೆ ತೋರಿಸಿಕೊಂಡು ಬಂದ. ಅವನಿಗೂ ಕೊಟ್ಟರು. ಆಮೇಲೆ ಯಾರಿಗೂ ಕಾಯಿಲೆಯ ನೆಪ ಬೇಕಾಗಲಿಲ್ಲ. ಕೈ ಚಾಚಿದವರಿಗೆಲ್ಲ, “ತಗಳಿ, ನಮ್ಮಳಿಯಂದ್ರು ಐಸು ಇದು” ಎಂದು ಕೊಡುತ್ತ ಹೋದರು. ಕೊನೆಗೆ ಡ್ರೈವರೂ ಬಂದು ಕುದಿಯುತ್ತಿದ್ದ ಇಂಜಿನ್ನಿಗೆಂದು ಒಂದು ತುಂಡು ತೆಗೆದುಕೊಂಡು ಹೋದ. ಬಸ್ಸು ಹೊರಟಿತು. ಐಸಿನಿಂದಲೇ ಹೊರಟಿತು ಎಂದು ಎರಡೂ ಪಕ್ಷದವರು ಒಪ್ಪಿದರು.

ಮದ್ದೂರಿನಲ್ಲಿ ಇಳಿದು ಅಲ್ಲಿ ಕಾಯುತ್ತಿದ್ದ ನಮ್ಮದೇ ಎತ್ತಿನ ಗಾಡಿಯಲ್ಲಿ ಊರು ಸೇರಿ ಕಂಬಳಿ ಬಿಚ್ಚಿದಾಗ, ಕರುವಿನಷ್ಟಿದ್ದದ್ದು ತೆಂಗಿನಕಾಯಿಯಷ್ಟಾಗಿತ್ತು. ಮಾವನವರು ಅದನ್ನು ಎರಡು ಕೈಯಲ್ಲೂ ಹಿಡಿದು ಅಡುಗೆಮನೆಗೆ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅತ್ತೆಯವರು ಎಲ್ಲ ಸಿದ್ಧ ಮಾಡಿಟ್ಟಿದ್ದರು. ಅರ್ಧಕ್ಕೆ ಬತ್ತಿದ ಎಮ್ಮೆ ಹಾಲು, ಮಸಿಯಂಥ ಡಿಕಾಕ್ಷನ್, ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದ ಸಕ್ಕರೆ, ಮೂರು ದಿನದ ಕೆನೆ. ಅಂಗಳದಲ್ಲಿ ಬಾವಿಯ ಪಾಲುದಾರರು, ಆ ಹಿರಿಯರು, ಎಲ್ಲರೂ ತಮ್ಮ ತಮ್ಮ ಲೋಟ ತಂದು ಕೂತಿದ್ದರು. ಪಾತ್ರೆಗೆ ಐಸು ಬಿತ್ತು. ಅಂಟಿದ್ದ ಮರದ ಹೊಟ್ಟು ಮೇಲೆ ತೇಲಿತು. ನನ್ನ ಹೆಂಡತಿ ಅದನ್ನು ಸೌಟಿನಲ್ಲಿ ತೆಗೆದು ಚೆಲ್ಲಿ, ಮೊದಲ ಲೋಟಕ್ಕೆ ಕೆನೆ ಬಿಟ್ಟು ನನ್ನ ಕೈಗೆ ಕೊಟ್ಟಳು.

ಕುಡಿದೆ. ದಪ್ಪನೆಯ ಕೆನೆ ಮೊದಲು ತುಟಿಗೆ ಹತ್ತಿತು, ಅದರ ಕೆಳಗಿನಿಂದ ಸಿಹಿಯೂ ಕಹಿಯೂ ಆದದ್ದು ತಣ್ಣಗೆ ಗಂಟಲಿಗಿಳಿಯಿತು. ಎದೆಯೊಳಗೆ ಹೋಗುವ ದಾರಿಯೆಲ್ಲ ಗೊತ್ತಾಗುತ್ತಿತ್ತು. ಅಷ್ಟು ರುಚಿಯಾದದ್ದನ್ನು ನಾನು ಅದುವರೆಗೆ ಕುಡಿದಿರಲಿಲ್ಲ. ಲೋಟ ಇಳಿಸಿದಾಗ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

“ಬೆಂಗ್ಳೂರ್‍ನಂಗೇ ಅದಾ?” ಎಂದರು ಮಾವ.

ಹೂಂ ಎನ್ನಬಹುದಿತ್ತು. ಆದರೆ ಐಸು ಹಿಡಿದಿದ್ದ ಅವರ ಕೈ ಇನ್ನೂ ಕೆಂಪಾಗಿತ್ತು. ನನ್ನಿಂದ ಆಗಲಿಲ್ಲ.

“ನನಗೆ ಗೊತ್ತಿಲ್ಲ ಮಾವ. ನಾನು ಕುಡಿದಿರೋದು ಇದೇ ಮೊದಲು.”

ಮಾವನವರು ನನ್ನನ್ನು ನೋಡಿದರು, ಲೋಟವನ್ನು ನೋಡಿದರು. ಆಮೇಲೆ ಕೇಳಿದರು, “ಸಂದಾಗದಾ?”

“ಬಹಳ ಚೆನ್ನಾಗಿದೆ.”

“ಅಂಗಾರೆ ಬುಡಿ. ಬೆಂಗ್ಳೂರೋರು ಬಂದು ಇಲ್ಲಿ ಕುಡ್ದು ಸರಿಯಾಗದಾ ಇಲ್ವಾ ಯೇಳ್ಲಿ” ಎಂದು ತಾವೂ ಒಂದು ಲೋಟ ತೆಗೆದುಕೊಂಡು, ಬಿಸಿ ಕಾಫಿಯ ಅಭ್ಯಾಸದಲ್ಲೇ ಗಟಗಟನೆ ಕುಡಿದರು. ಕುಡಿದವರು ಹಣೆ ಹಿಡಿದುಕೊಂಡು ಕಂಬಕ್ಕೆ ಒರಗಿದರು. ತಲೆಯೊಳಗೆ ಯಾರೋ ಮೊಳೆ ಹೊಡೆದಂತಾಯಿತು ಎಂದು ಆಮೇಲೆ ಹೇಳಿದರು.

ಅದನ್ನು ಕಂಡದ್ದೇ ಅತ್ತೆಯವರು ಪಾತ್ರೆಯನ್ನು ಎತ್ತಿಕೊಂಡರು. “ನನ್ಗೊತ್ತಿತ್ತು. ತಣ್ಗಿರದು ಕುಡುದ್ರೆ ಶೀತ ಆಗದೆ ಇನ್ನೇನು. ಈಟ್ ಜನಕ್ಕೆ ಜರ ಬಂದ್ರೆ ನೋಡ್ಕಳರ್‍ಯಾರು? ಬುಡಿ, ಒಂದು ಕುದಿ ಕಾಯ್ಸಿ ಕೊಡ್ತೀನಿ” ಎಂದು ಒಳಗೆ ಹೋದರು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ನನಗಂತೂ ಆ ಹಕ್ಕೇ ಉಳಿದಿರಲಿಲ್ಲ. ಬೆಂಗಳೂರಿನಿಂದ ಬಂದ ಐಸು ಬೆಸಗರಹಳ್ಳಿಯ ಒಲೆಯ ಮೇಲೆ ಕುದಿಯಿತು. ಎಲ್ಲರೂ ಊದಿ ಊದಿ ಕುಡಿದರು. ಐಸ್ ಕಾಫಿ ಭಾರಿ ಚೆನ್ನಾಗಿದೆ, ಇಷ್ಟು ದಪ್ಪನೆಯ ಕಾಫಿಯನ್ನು ತಾವು ಕುಡಿದೇ ಇಲ್ಲ ಎಂದರು. ಹಿರಿಯರು ಎರಡು ಲೋಟ ಕುಡಿದರು. ಬಾವಿಯದೂ ಚೆನ್ನಾಗಿತ್ತು, ಆದರೆ ಇದು ಒಂದು ಕೈ ಮೇಲು ಎಂದರು.

ಎರಡು ದಿನ ಬಿಟ್ಟು ನಾನೂ ಹೆಂಡತಿಯೂ ಮಂಡ್ಯಕ್ಕೆ ಹೊರಟೆವು. ಮಾವನವರು ಮದ್ದೂರಿನವರೆಗೆ ಬಂದು ರೈಲು ಹತ್ತಿಸಿದರು. ಅತ್ತೆ ಕಟ್ಟಿಕೊಟ್ಟ ಕಾಫಿ ಪುಡಿ, ತುಪ್ಪ ಬುಟ್ಟಿಯಲ್ಲಿತ್ತು. ರೈಲು ಬಿಟ್ಟ ಮೇಲೆ ಹೆಂಡತಿ ಕಿಟಕಿಯಿಂದ ನನ್ನ ಕಡೆ ತಿರುಗಿದಳು. ಮದುವೆಯಾಗಿ ಮೂರು ತಿಂಗಳಾದರೂ ಅವಳು ನನ್ನ ಹತ್ತಿರ ತಾನಾಗಿ ಮಾತು ತೆಗೆದವಳಲ್ಲ. ಅಂದು ತೆಗೆದಳು.

“ಬೆಂಗ್ಳೂರಲ್ಲಿ ಇನ್ನೇನೇನು ಕುಡ್ದಿಲ್ಲ, ತಿಂದಿಲ್ಲ, ನೋಡಿಲ್ಲ, ಎಲ್ಲಾನೂ ಈಗ್ಲೇ ಯೇಳ್ಬುಡಿ. ನಮ್ಮಪ್ಪ ಪಾಪ, ಮತ್ತೆ ಮತ್ತೆ ಓಗಕ್ಕಾಗಕ್ಕಿಲ್ಲ.”

ಹೇಳತೊಡಗಿದೆ. ಬಯಸ್ಕೋಪಿನ ಮೇಲಿನ ಸೀಟು, ಕೇಕು, ಕುದುರೆ ಜೂಜು, ಸೋಡಾ ಬೆರೆಸಿದ ನಿಂಬೆಹಣ್ಣಿನ ಪಾನಕ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತ, ನಡುನಡುವೆ “ಅದೂ ಇಲ್ವಾ” ಎನ್ನುತ್ತ ಕೇಳಿದಳು. ಮಂಡ್ಯ ಬಂದಾಗ ಇನ್ನೂ ಅರ್ಧವಾಗಿರಲಿಲ್ಲ. ಉಳಿದದ್ದನ್ನು ಬುಟ್ಟಿ ಹೊತ್ತು ಮನೆಗೆ ನಡೆಯುತ್ತ ಹೇಳಿದೆ.