ಮರ್ಲ್ ಲ್ಯಾಪ್‌ಟಾಪ್ ಆರಿಸಿದ್ದು
ಸರೋವರದ ದಡದ ಡುಲೂತ್ ಊರಿನಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮರ್ಲ್ ಟಾಲೆಫ್ಸನ್‌ಗೆ ಈಗ ಎರಡೇ ಕೆಲಸ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಫೋಟೊ ತೆಗೆಯುವುದು ಮತ್ತು ಆ ಫೋಟೊ ತಿದ್ದಲು ಹೊಸ ಲ್ಯಾಪ್‌ಟಾಪ್ ಹುಡುಕುವುದು. ಆ ಬೆಳಕು ಹಿಡಿಯಲೆಂದೇ ಒಳಗಿನ ಫಿಲ್ಟರ್ ತೆಗೆಸಿದ ಅವನ ಹಳೆಯ ಕ್ಯಾಮೆರಾದಲ್ಲಿ ಜುಲೈ ತಿಂಗಳ ಹಸಿರು ಮೇಪಲ್ ಮರ ಹಿಮ ಬಿದ್ದಂತೆ ಬೆಳ್ಳಗಾಗುತ್ತದೆ, ಸರೋವರದ ಮೇಲಿನ ಆಕಾಶ ಕಪ್ಪಾಗುತ್ತದೆ. ಚರ್ಚಿನ ಹುಲ್ಲು, ನೆರೆಯವರ ಎಲೆಕೋಸು, ಯಾವುದನ್ನೂ ಅವನು ಬಿಟ್ಟಿಲ್ಲ. ಪ್ರತಿ ಶನಿವಾರ ಅಂಗಡಿಗೆ ಹೋಗಿ, ಸಾಲಾಗಿಟ್ಟ ಲ್ಯಾಪ್‌ಟಾಪುಗಳಿಗೆಲ್ಲ ತನ್ನ ಪೆನ್‌ಡ್ರೈವ್ ಚುಚ್ಚಿ, ಮೂಗು ತಾಗುವಷ್ಟು ಬಗ್ಗಿ ನೋಡುತ್ತಾನೆ. “ಎಲೆ ಹಾಲಿನ ಹಾಗಿರ್ಬೇಕಮ್ಮ, ಇದ್ರಲ್ಲಿ ಸುಣ್ಣ ಬಳಿದ ಹಾಗಿದೆ,” ಎನ್ನುತ್ತಾನೆ. “ನೀವು ಆರಿಸೋದ್ರೊಳಗೆ ಮೂರು ಮಾಡೆಲ್ ಹಳೇದಾದ್ವು ಮರ್ಲ್,” ಎಂದು ಅಂಗಡಿಯ ಜನೆಲ್ ನಗುತ್ತಾಳೆ. ಕಳೆದ ಶನಿವಾರ ಹೆಂಡತಿ ಸಿಗ್ರಿಡ್ ಕೂಡ ಬಂದಿದ್ದಳು. ಅವಳ ಎಡಗೆನ್ನೆಯ ತುಂಬ ಹುಟ್ಟಿನಿಂದ ಬಂದ ಕೆಂಪು ಮಚ್ಚೆ. ಮದುವೆಯ ಫೋಟೊದಲ್ಲೂ ಆ ಕೆನ್ನೆ ತೋರಿಸಿದವಳಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಅವಳಿಗೆ ತಿಳಿಯದಂತೆ ತೆಗೆದ ಚಿತ್ರವನ್ನು ಮರ್ಲ್ ದೊಡ್ಡ ಪರದೆಯ ಲ್ಯಾಪ್‌ಟಾಪಿನಲ್ಲಿ ತೆರೆದ. ಇನ್‌ಫ್ರಾರೆಡ್ ಬೆಳಕಿನಲ್ಲಿ ಮಚ್ಚೆ ಮಾಯವಾಗಿ, ಕೆನ್ನೆ ತಿಳಿಯಾಗಿತ್ತು. ಸಿಗ್ರಿಡ್ ಬಹಳ ಹೊತ್ತು ನೋಡಿದಳು. “ಚೆನ್ನಾಗಿದ್ದಾಳೆ. ಯಾರಿವಳು?” “ನೀನೇ ಕಣೇ,” ಎಂದ ಮರ್ಲ್. “ಅಲ್ಲ ಬಿಡು. ನಲವತ್ತು ವರ್ಷ ನೀನು ದಿನಾ ನೋಡಿದ್ದು ಇವಳನ್ನಲ್ಲ. ನಮ್ಮ ಮಾಮೂಲಿ ಕ್ಯಾಮೆರಾ ಎಲ್ಲಿಟ್ಟಿದ್ದೀಯ?” ಮರ್ಲ್ ಆ ಲ್ಯಾಪ್‌ಟಾಪ್ ಮುಚ್ಚಿ, ಜನೆಲ್ ಕಡೆ ತಿರುಗಿ, “ಇದನ್ನೇ ಕೊಡಮ್ಮ, ಎಲೆ ಹೇಗಿದ್ರೂ ಸರಿ,” ಎಂದ. ಮರುದಿನ ಬೆಳಿಗ್ಗೆ ಸಿಗ್ರಿಡ್ ಅಡುಗೆಮನೆಯ ಕಿಟಕಿಯ ಬಳಿ ಕೂತು, ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿ, ಮಾಮೂಲಿ ಕ್ಯಾಮೆರಾ ಹಿಡಿದ ಮರ್ಲ್‌ಗೆ, “ಬೇಗ ತೆಗಿ, ಕಾಫಿ ಆರುತ್ತೆ,” ಎಂದಳು.